ದೃಶ್ಯಪಾಠವೂ ಬಾಲರ ಗಣಿತವೂ

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಕಿರಿಯ ತರಗತಿಗಳಲ್ಲಿ ವೀಡಿಯೊ ಪಾಠಗಳಿಂದ ಗಣಿತವನ್ನು ಕಲಿಸುವುದು ಎಷ್ಟರಮಟ್ಟಿಗೆ ಸಾಧುವೆಂಬುದು ಪ್ರಕೃತ ವಿಚಾರ. ಮಗುವು ಸಂಖ್ಯೆಯನ್ನು ಮೊದಲು ಅರಿಯುವುದು ಮಾತಿನ ಮೂಲಕ. ಆದುದರಿಂದ ಭಾಷಾಭ್ಯಾಸಿಗಳು ಇದನ್ನು ಅನ್ಯವಿಷಯವೆಂದು ಬಿಡುವಂತಿಲ್ಲ.

2020ರ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದ ಬಳಿಕ ದೃಶ್ಯಪಾಠಗಳು ದೂರದರ್ಶನದಿಂದಲೂ ಮೊಬೈಲುಗಳಿಂದಲೂ ಮನೆಗಳನ್ನು ಹೊಕ್ಕವು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತಿದ್ದ ಚಿತ್ರವನ್ನು ವಾಚಕರು ಪತ್ರಿಕೆಗಳಲ್ಲಿ ಕಂಡಿರಬಹುದು. ಆ ವಿಪತ್ತು ಕಳೆಯಿತು, ಪಾಠಗಳು ಉಳಿದುವು.

ಇವುಗಳಲ್ಲಿ ಗುಣವಿಲ್ಲವೆಂದಲ್ಲ. ಹತ್ತು ಬಿಡಿಗಳು ಕೂಡಿ ಒಂದು ಕಟ್ಟಾಗುವುದನ್ನು ಚಲಿಸುವ ಚಿತ್ರವು ಕಪ್ಪುಹಲಗೆಗಿಂತ ವಿಶದವಾಗಿ ತೋರಿಸಬಲ್ಲದು. ಎಷ್ಟು ಸಲ ಬೇಕಾದರೂ ಬೇಸರವಿಲ್ಲದೆ ತೋರಿಸಬಲ್ಲದು. ಆದರೆ ಅದು ಮಗುವಿನ ಉತ್ತರವನ್ನು ಕೇಳಲಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಪಾಠವನ್ನು ಮಗುವಿನ ನಡಿಗೆಗೆ ಹೊಂದಿಸುತ್ತದೆ. ದೃಶ್ಯಪಾಠವಾದರೋ ಮಗುವನ್ನು ತನ್ನ ನಡಿಗೆಗೆ ಎಳೆಯುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ‘ಇಪ್ಪತ್ತಮೂರು’ ಎಂದರೆ 203 ಎಂದು ಬರೆಯುವ ಮಗು ದಡ್ಡನಲ್ಲ. ಇಪ್ಪತ್ತು, ಮೂರು ಎಂದು ಕೇಳಿದಂತೆಯೇ ಅದು 20ನ್ನೂ 3ನ್ನೂ ಬರೆದಿದೆ. ಇಪ್ಪತ್ತು ಎಂದರೆ ಎರಡು ಹತ್ತು ಎಂಬ ಅರ್ಥವು ಅದಕ್ಕೆ ಹೊಳೆದಿಲ್ಲ. ಹೊಳೆಯುವುದಾದರೂ ಹೇಗೆ? ಹಳಗನ್ನಡದ ‘ಪತ್ತು’ ಇಂದು ‘ಹತ್ತು’ ಆಗಿದೆ. ‘ಇರ್ಪತ್ತು’ ಎಂಬುದು ‘ಇಪ್ಪತ್ತು’ ಆಗಿ ಪಕಾರವನ್ನು ಒಳಗೇ ಉಳಿಸಿಕೊಂಡಿದೆ. ಆದರೆ ಈ ಪ್ರಾಂತದ ಬಹುಮಂದಿ ಮಕ್ಕಳ ಮನೆಮಾತು ತುಳು. ತುಳುವಿನಲ್ಲಿ ಹತ್ತಕ್ಕೆ ‘ಪತ್ತ್’ ಎಂದೇ ಹೆಸರು, ಮಲೆಯಾಳದಲ್ಲಿಯೂ ಹಾಗೆಯೇ. ತುಳುವಿನ ‘ಇರ್ವ’ದಲ್ಲಿ ಮರೆಯಾದ ಆ ‘ಪತ್ತ್’ ಕನ್ನಡದ ‘ಇಪ್ಪತ್ತು’ವಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಹೀಗೆ ಶಾಲೆಯ ಮಾತಿನ ಬೀಗಕ್ಕೆ ಕೀಲಿಕೈ ಮನೆಯ ಮಾತಿನಲ್ಲಿಯೇ ಇದೆ.

ಸಮಸ್ತ ಕರ್ನಾಟಕಕ್ಕಾಗಿ ರಚಿತವಾದ ದೃಶ್ಯಪಾಠವು ಇದನ್ನು ಹೇಳುವ ಸಂಭವ ಕಡಿಮೆ. ಆ ಊರಿನ ಉಪಾಧ್ಯಾಯರು ಹೇಳಬಲ್ಲರು. ಚಿತ್ರದಲ್ಲಿ ಕಟ್ಟು ಮೂಡಿದೊಡನೆ ಅದನ್ನು ನಿಲ್ಲಿಸತಕ್ಕದ್ದು. ಮಕ್ಕಳ ಕೈಗೆ ತೆಂಗಿನ ಗರಿಯ ಕಡ್ಡಿಗಳನ್ನು ಕೊಟ್ಟು ಹತ್ತುಹತ್ತಾಗಿ ಕಟ್ಟಿಸಬೇಕು. ‘ಪತ್ತ್’ ಎಂದು ಅವರ ಮಾತಿನಲ್ಲಿಯೇ ಎಣಿಸಿ, ಎರಡು ಕಟ್ಟುಗಳನ್ನು ಜೊತೆಯಿಟ್ಟು ‘ಇಪ್ಪತ್ತು’ ಎನ್ನಿಸಬೇಕು. ಅನಂತರ ಮೂರು ಬಿಡಿಕಡ್ಡಿಗಳನ್ನು ಇಡಿಸಿದರೆ 23 ಎಂಬ ಬರಹವು ತಾನಾಗಿ ತಿಳಿಯುವುದು.

ಹೀಗೆ ಮಾಡಿದರೆ ಒಂದು ಪಾಠಕ್ಕೆ ಎರಡು ದಿನ ಹಿಡಿಯುವುದೆಂದು ಶಂಕಿಸಬಹುದು. ಹಿಡಿಯಲಿ. ತಳಹದಿಯಲ್ಲಿ ಉಳಿಸಿದ ದಿನವನ್ನು ಮುಂದೆ ಕೂಡುವ, ಕಳೆಯುವ ಲೆಕ್ಕಗಳಲ್ಲಿ ಹಲವು ಮಡಿಯಾಗಿ ತೆರಬೇಕಾಗುವುದು. ನಮ್ಮ ಹಿರಿಯರು ಶ್ರವಣದ ಬಳಿಕ ಮನನವನ್ನು ವಿಧಿಸಿದರು. ದೃಶ್ಯಪಾಠವು ಶ್ರವಣಕ್ಕೆ ಸಾಧನ. ಮನನಕ್ಕೆ ಎಡೆಯನ್ನು ಗುರುವೇ ಒದಗಿಸಬೇಕು.

ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ರಚಿಸಿ ಗಣಿತಶಾಸ್ತ್ರವನ್ನು ಕನ್ನಡಿಗರ ಮಾತಿಗೆ ತಂದನು. ಅದನ್ನು ಇನ್ನೊಂದು ಹೆಜ್ಜೆ ಮುಂದೆ, ಮಗುವಿನ ಮನೆಯಂಗಳದ ಮಾತಿನವರೆಗೆ ತರುವ ಕೆಲಸವು ಇಂದಿನ ಉಪಾಧ್ಯಾಯರದಾಗಿದೆ.