ಮಣಿ ಬಿಡುವ ಹುಲ್ಲು

ಹಳ್ಳದ ಬದಿಯಲ್ಲೋ ಗದ್ದೆಯ ಬಸಿಗಾಲುವೆಯ ಅಂಚಿನಲ್ಲೋ ಮುಸುಕಿನ ಜೋಳದಂಥ ಅಗಲ ಎಲೆಯ ಗಿಡವೊಂದು ಆಳೆತ್ತರ ಬೆಳೆದು, ಹೊಳೆಯುವ ಬೂದುಬಣ್ಣದ ಮಣಿಗಳನ್ನು ಬಿಟ್ಟಿರುವುದನ್ನು ನೀವು ನೋಡಿರಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಜಾಬ್ಸ್ ಟಿಯರ್ಸ್, ಅಂದರೆ ಬೈಬಲ್ಲಿನ ಯೋಬನ ಕಣ್ಣೀರು ಎಂದು ಹೆಸರು. ಲಿನೇಯಸ್ 1753ರಲ್ಲಿ ಇಟ್ಟ ಕೊಯಿಕ್ಸ್ ಲ್ಯಾಕ್ರಿಮ-ಜೋಬಿ ಎಂಬ ಶಾಸ್ತ್ರೀಯ ನಾಮದಲ್ಲಿರುವುದೂ ಅದೇ ಕಣ್ಣೀರು. ನಾವಿಲ್ಲಿ ಮಣಿಹುಲ್ಲು ಎನ್ನೋಣ.

ಇದರ ತವರು ಏಷ್ಯದ ಉಷ್ಣಪ್ರದೇಶ. ತೇವ ಮತ್ತು ಬಿಸಿಲು ಎರಡೂ ಬೇಕು. ಹಿಮ ಬೀಳುವ ದೇಶಗಳ ತೋಟಗಳಲ್ಲಿ ಇದನ್ನು ಅಲಂಕಾರಕ್ಕಾಗಿ ಒಂದೇ ವರ್ಷದ ಗಿಡವಾಗಿ ಬೆಳೆಸುತ್ತಾರೆ. ನಮ್ಮಲ್ಲಿ ನೀರಿನ ಪಸೆ ಉಳಿದರೆ ಕೂಳೆ ಮತ್ತೆ ಚಿಗುರುವುದುಂಟು.

ಈ ಗಿಡದ ವಿಶೇಷವೆಲ್ಲ ಮಣಿಯಲ್ಲಿದೆ. ನಾವು ಬೀಜವೆಂದು ಕರೆಯುವ ಮಣಿ ನಿಜವಾಗಿ ಬೀಜವಲ್ಲ. ಮಾರ್ಪಟ್ಟು ಗಟ್ಟಿಯಾದ ಎಲೆಯ ಒರೆ. ಹೆಣ್ಣು ಹೂ ಅದರೊಳಗೆ ಅಡಗಿರುತ್ತದೆ. ಗಂಡು ಹೂಗಳ ಸಣ್ಣ ಗೊಂಚಲು ಮಣಿಯ ತುದಿಯ ರಂಧ್ರದಿಂದ ಹೊರಕ್ಕೆ ತೂಗುತ್ತದೆ. ಅದು ಒಣಗಿ ಉದುರಿದ ಮೇಲೆ ಮೇಲೊಂದು, ಬುಡದಲ್ಲೊಂದು ತೂತು ಉಳಿಯುತ್ತದೆ. ಸರ ಪೋಣಿಸುವವರಿಗೆ ಕೊರೆಯುವ ಕೆಲಸವೇ ಇಲ್ಲ!

ಹೆಣ್ಣು ಹೂವಿನ ಶಲಾಕೆ ಮೊದಲು ಹೊರಬರುತ್ತದೆ, ಅದೇ ಗೊಂಚಲಿನ ಪರಾಗ ಆಮೇಲೆ. ಆದ್ದರಿಂದ ಗಾಳಿಯಲ್ಲಿ ಬರುವ ನೆರೆಗಿಡದ ಪರಾಗವೇ ಕಾಳು ಕಟ್ಟಿಸುವುದು ಹೆಚ್ಚು. ಬೆಳೆಯುವವರು ಇದನ್ನು ನೆನಪಿನಲ್ಲಿಡಬೇಕು. ಏಕೆಂದರೆ ಮಣಿಹುಲ್ಲಿನಲ್ಲಿ ಎರಡು ಬಗೆಗಳಿವೆ. ಕಾಡುಬಗೆಯ ಮಣಿ ನುಣುಪು, ಹಲ್ಲಿಗೂ ಜಗ್ಗದಷ್ಟು ಗಟ್ಟಿ. ಅದು ಅಲಂಕಾರಕ್ಕೆ ಮಾತ್ರ. ಮಾ-ಯುಯೆನ್ ಎಂಬ ಬಗೆಯ ಸಿಪ್ಪೆ ತೆಳು, ಮೇಲೆ ಉದ್ದುದ್ದ ಗೀರು. ಒಳಗಿನ ಕಾಳು ಅನ್ನದಂತೆ ಬೇಯಿಸಲು ಯೋಗ್ಯ, ಅಕ್ಕಿಗಿಂತ ಹೆಚ್ಚು ಸಸಾರಜನಕವುಳ್ಳದ್ದು. ಮೇಘಾಲಯ, ನಾಗಾಲ್ಯಾಂಡ್ ಗುಡ್ಡಗಳ ರೈತರು ಇದನ್ನು ಊಟಕ್ಕೂ ಮದ್ಯ ತಯಾರಿಕೆಗೂ ಬೆಳೆಯುತ್ತಾರೆ.

ಯಾರಾದರೂ "ಹೊಸ ಧಾನ್ಯದ ಬೀಜ" ಎಂದು ಮಣಿ ತೋರಿಸಿದರೆ ಹಣ ಕೊಡುವ ಮೊದಲು ಬೆರಳುಗಳ ನಡುವೆ ಒತ್ತಿ ನೋಡಿ. ಪುಡಿಯಾಗದಿದ್ದರೆ ಅದು ಸರದ ಮಣಿ, ಊಟದ ಕಾಳಲ್ಲ. ಸರಿಯಾದ ಬೀಜವೇ ಸಿಕ್ಕರೂ ಹತ್ತಿರದ ಹಳ್ಳದಲ್ಲಿ ಕಾಡುಗಿಡಗಳಿದ್ದರೆ ಎರಡೂ ಬೆರೆತು, ಮುಂದಿನ ಬೆಳೆಯಲ್ಲಿ ಗಟ್ಟಿ ಮಣಿಯ ಗಿಡಗಳು ಕಾಣಿಸಿಕೊಳ್ಳುತ್ತವೆ. ಬೀಜಕ್ಕೆಂದು ಇಡುವ ತಾಕಿನ ಸುತ್ತ ಕಾಡುಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತು ದನಗಳಿಗೆ ಹಾಕಿ. ಎಳೆಯದನ್ನು ಅವು ಚೆನ್ನಾಗಿ ತಿನ್ನುತ್ತವೆ.

ಅಂದಕ್ಕಾಗಿ ಮನೆಯ ಬಚ್ಚಲು ನೀರು ಹರಿಯುವ ಕಡೆ ನಾಲ್ಕು ಗಿಡ ಸಾಕು. ಮಣಿಯನ್ನು ಒಂದು ರಾತ್ರಿ ನೆನೆಸಿ, ಮುಂಗಾರು ಹಿಡಿದೊಡನೆ ಒಂದು ಅಂಗುಲ ಆಳಕ್ಕೆ ಊರಿ. ಮೊಳಕೆ ನಿಧಾನ, ಎರಡು ಮೂರು ವಾರ ಕಾಯಬೇಕಾದೀತು. ಬಸಿಗಾಲುವೆಯೊಳಗೆ ಮಾತ್ರ ಬೇಡ. ಬುಡ ದಟ್ಟವಾಗಿ ಕವಲೊಡೆದು ನೀರನ್ನು ಕಟ್ಟುತ್ತದೆ. ಮಣಿಗಳು ಒಟ್ಟಿಗೆ ಮಾಗುವುದಿಲ್ಲ. ಬೂದುಬಣ್ಣಕ್ಕೆ ತಿರುಗಿದವನ್ನು ಆಗಾಗ ಬಿಡಿಸಿಕೊಳ್ಳಿ, ಇಲ್ಲವಾದರೆ ತಾವೇ ಉದುರುತ್ತವೆ.