ಸಂಧಾನದ ಮೆಟ್ಟಿಲುಗಳು

ಹುಕ್ಕೇರಿ ಸೀಮೆಯ ಯಮಕನಮರಡಿಯಂತಹ ಊರಿನಲ್ಲಿ ಹೊಲದ ಬದುವಿನ ವ್ಯಾಜ್ಯವೊಂದು ಪಂಚರ ಮುಂದೆ ಬಂದಿತೆನ್ನೋಣ. ಯಾರ ಮಾತು ಮೊದಲು, ಯಾವ ಪ್ರಶ್ನೆ ಆಮೇಲೆ ಎಂಬುದು ಗೊತ್ತಾಗದೆ ತೀರ್ಪಿಗೆ ದಾರಿಯಿಲ್ಲ. ರಾಜ್ಯಗಳ ಸಂಧಾನಕ್ಕೂ ಇದೇ ಕ್ರಮವುಂಟು.

1792ರ ಶ್ರೀರಂಗಪಟ್ಟಣದ ಸಂಧಾನವನ್ನು ನೋಡುವ. ಕೋಟೆಯೊಳಗೆ ಟೀಪೂ ಸುಲ್ತಾನರು. ಹೊರಗೆ ಇಂಗ್ಲಿಷ್ ಕಂಪನಿ, ನಿಜಾಮರು, ಮರಾಠರು. 1790ರ ಕೌಲಿನಂತೆ ಈ ಮೂವರೂ ಪರಸ್ಪರ ಸಮ್ಮತಿಯಿಂದಲೇ ಸಂಧಿಗೆ ಒಪ್ಪತಕ್ಕದ್ದಾಗಿತ್ತು. ಆದಕಾರಣ ಎಲ್ಲರ ವಕೀಲರೂ ಒಂದೇ ಸಭೆಯಲ್ಲಿ ಕುಳಿತರು.

ಕಾರ್ಯವು ಎರಡು ಮೆಟ್ಟಿಲುಗಳಲ್ಲಿ ನಡೆಯಿತು. ಫೆಬ್ರವರಿಯಲ್ಲಿ ಮುಖ್ಯಾಂಶಗಳಷ್ಟೇ ನಿಶ್ಚಯವಾದುವು: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಸೆರೆಯಾಳುಗಳ ಬಿಡುಗಡೆ, ಒತ್ತೆಯಾಗಿ ಸುಲ್ತಾನರ ಇಬ್ಬರು ಮಕ್ಕಳು. ಫಿರಂಗಿಗಳು ಸುಮ್ಮನಾದುವು. 26ರಂದು ಬಾಲಕರು ಕಾರ್ನ್‌ವಾಲಿಸರ ಪಾಳೆಯವನ್ನು ಸೇರಿದರು. ಬಿಟ್ಟುಕೊಡತಕ್ಕ ಸೀಮೆಗಳು ಯಾವುವೆಂಬ ವಿವರವು ಎರಡನೆಯ ಮೆಟ್ಟಿಲಿಗೆ ಉಳಿಯಿತು.

ಈ ಕ್ರಮದಿಂದ ಲಾಭವೂ ಉಂಟು, ಅಪಾಯವೂ ಉಂಟು. ಎಲ್ಲ ವಿವರಗಳೂ ತೀರುವವರೆಗೆ ಕಾದಿದ್ದರೆ ಅಷ್ಟು ದಿನವೂ ರಕ್ತ ಹರಿಯುತ್ತಿತ್ತು. ಆದರೆ ಆ ಸೀಮೆಗಳ ಪಟ್ಟಿಯಲ್ಲಿ ಕೊಡಗನ್ನು ಕಂಡು ಸುಲ್ತಾನರು ಕೆರಳಿದರು; ಮುತ್ತಿಗೆಯ ಸನ್ನಾಹ ಪುನಃ ಮೊದಲಾಯಿತು; ಬಾಲಕರನ್ನು ದೂರ ಸಾಗಿಸುವ ಸಿದ್ಧತೆಯೂ ನಡೆಯಿತು. ಕಡೆಗೆ ಮಾರ್ಚ್ 18ರಂದು ಒಡಂಬಡಿಕೆ ಪೂರ್ಣವಾಯಿತು.

ಪ್ರಶ್ನೆಯನ್ನು ಮುಂದೂಡುವುದು ತಪ್ಪಲ್ಲ. ಮುಂದೂಡಿದುದು ಯಾವುದು, ಅದನ್ನು ತೀರಿಸುವ ದಿನ ಯಾವುದು, ಅಲ್ಲಿಯವರೆಗೆ ಭಾರ ಹೊರುವವರಾರು ಎಂಬುದನ್ನು ಮೊದಲ ಕಾಗದದಲ್ಲಿಯೇ ಬರೆದಿಡಬೇಕು. ಶ್ರೀರಂಗಪಟ್ಟಣದಲ್ಲಿ ಆ ಭಾರವನ್ನು ಹೊತ್ತವರು ಇಬ್ಬರು ಮಕ್ಕಳು.