ಒಂದು ಕರವಸ್ತ್ರದ ಸಾಕ್ಷಿ

ಇವತ್ತು ಷೇಕ್ಸ್‌ಪಿಯರನ 'ಒಥೆಲೊ' ನಾಟಕದ ಬಗ್ಗೆ ನಾಲ್ಕು ಮಾತು. ಇಂಗ್ಲಿಷ್ ನಾಟಕ ನಮಗೇಕೆ ಎಂದು ರೇಡಿಯೋದ ಗುಂಡಿ ತಿರುಗಿಸಿಬಿಡಬೇಡಿ. ಈ ಕಥೆ ಕನ್ನಡಕ್ಕೆ ಬಂದು ನೂರು ವರ್ಷ ದಾಟಿತು. ಮೈಸೂರಿನ ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಇದನ್ನು 'ಶೂರಸೇನ ಚರಿತ್ರೆ' ಎಂಬ ಕನ್ನಡ ನಾಟಕವಾಗಿ ಮಾಡಿದ್ದರು. ಕಾಸರಗೋಡಿನ ಕಡೆಯ ಕೇಳುಗರಲ್ಲಿ ಕೆಲವರು 1997ರ 'ಕಳಿಯಾಟ್ಟಂ' ಎಂಬ ಮಲಯಾಳ ಚಿತ್ರವನ್ನು ನೋಡಿರಬಹುದು. ಜಯರಾಜ್ ನಿರ್ದೇಶಿಸಿದ ಆ ಚಿತ್ರದ ನಾಯಕ ತೆಯ್ಯಂ ಕಟ್ಟುವವನು. ಅವನು ಮದುವೆಯಾಗುವುದು ಊರಿನ ದೊಡ್ಡ ಮನೆತನದ ಹುಡುಗಿಯನ್ನು. ಅದರ ಮೂಲವೂ ಇದೇ ನಾಟಕ. ಬಣ್ಣ ಹಚ್ಚಿದಾಗ ಕೈಮುಗಿಯುವ ಊರು, ಬಣ್ಣ ಕಳಚಿದ ಮೇಲೆ ಅದೇ ಮನುಷ್ಯನನ್ನು ಅಂಗಳದಲ್ಲೇ ನಿಲ್ಲಿಸುತ್ತದೆ ಎಂಬುದು ಆ ಸೀಮೆಯವರಿಗೆ ನಾನು ಹೇಳಿಕೊಡಬೇಕಾದ ಸಂಗತಿಯಲ್ಲ. ಒಥೆಲೊವಿನ ದುಃಖ ಶುರುವಾಗುವುದೂ ಅಲ್ಲಿಯೇ.

ಇಟಲಿಯ ವೆನಿಸ್ ನಗರ. ವ್ಯಾಪಾರದಿಂದ ಕೊಬ್ಬಿದ ಗಣರಾಜ್ಯ. ಒಥೆಲೊ ಅಲ್ಲಿಯ ಸೇನಾಪತಿ, ಆದರೆ ಅಲ್ಲಿಯವನಲ್ಲ. ಮೂರ್ ಜನಾಂಗದವನು, ಅಂದರೆ ಆಫ್ರಿಕದ ಕಡೆಯ ಕಪ್ಪು ಮನುಷ್ಯ. ಬ್ರಬಾನ್ಶಿಯೊ ಎಂಬ ಶ್ರೀಮಂತ ಸಭಾಸದ ಅವನನ್ನು ಮತ್ತೆ ಮತ್ತೆ ಮನೆಗೆ ಕರೆದು, ಅವನ ಯುದ್ಧದ ಕಥೆಗಳನ್ನೂ ಕಷ್ಟದ ಕಥೆಗಳನ್ನೂ ಕೇಳಿ ಸಂತೋಷಪಡುತ್ತಿದ್ದ. ಆ ಕಥೆಗಳನ್ನು ಮನೆಗೆಲಸದ ನಡುವೆ ಮಗಳು ಡೆಸ್ಡಿಮೋನಳೂ ಕೇಳುತ್ತಿದ್ದಳು, ಕೇಳಿ ಅಳುತ್ತಿದ್ದಳು. ಒಲವು ಹುಟ್ಟಿತು. ತಂದೆಗೆ ತಿಳಿಸದೆ ಮದುವೆಯಾದರು.

ನಾಟಕದ ಮೊದಲ ದೃಶ್ಯವನ್ನು ಗಮನಿಸಿ. ನಡುರಾತ್ರಿ, ಬ್ರಬಾನ್ಶಿಯೊವಿನ ಕಿಟಕಿಯ ಕೆಳಗೆ ಇಬ್ಬರು ನಿಂತು ಕೂಗಿ ಅವನನ್ನು ಎಬ್ಬಿಸುತ್ತಾರೆ. ಒಬ್ಬ ಇಯಾಗೊ, ಒಥೆಲೊವಿನ ಕೈಕೆಳಗಿನ ಧ್ವಜಧಾರಿ. ಇನ್ನೊಬ್ಬ ರೊಡೆರಿಗೊ, ಡೆಸ್ಡಿಮೋನಳ ಮೇಲೆ ಆಸೆ ಇಟ್ಟು ಸೋತ ಹುಡುಗ. ಇವರಿಬ್ಬರೂ ಒಥೆಲೊವಿನ ಹೆಸರು ಹೇಳುವುದೇ ಇಲ್ಲ. ಮೂರ್, ದಪ್ಪ ತುಟಿಯವನು, ಕಪ್ಪು ಟಗರು, ಹೀಗೆಯೇ ಮಾತು ಸಾಗುತ್ತದೆ. ಅವನ ಹೆಸರು ರಂಗದ ಮೇಲೆ ಮೊದಲು ಕೇಳಿಸುವುದು ಮೂರನೆಯ ದೃಶ್ಯದಲ್ಲಿ, ಸೈಪ್ರಸ್ ದ್ವೀಪದ ಮೇಲೆ ತುರ್ಕರು ನುಗ್ಗುತ್ತಿದ್ದಾರೆಂಬ ಸುದ್ದಿ ಬಂದು, ವೆನಿಸ್ಸಿನ ಅಧಿಪತಿಗೆ ಸೇನಾಪತಿ ಬೇಕಾದಾಗ. ಕೆಲಸ ಬಿದ್ದಾಗ ಮನುಷ್ಯನಿಗೆ ಹೆಸರು ಬರುತ್ತದೆ!

ಮನೆಗೆ ಕರೆದು ಊಟ ಹಾಕಿದ ಬ್ರಬಾನ್ಶಿಯೊ ಈಗ ಸಭೆಯಲ್ಲಿ ಹೇಳುವುದೇನು? ಈ ಮನುಷ್ಯ ಮದ್ದು ಹಾಕಿ, ಮಾಟ ಮಾಡಿ ನನ್ನ ಮಗಳನ್ನು ಒಲಿಸಿಕೊಂಡ ಎಂದು. ತನ್ನ ಬುದ್ಧಿ ನೆಟ್ಟಗಿರುವ ಮಗಳು ಇಂಥವನನ್ನು ಮೆಚ್ಚಲು ಸಾಧ್ಯವೇ ಇಲ್ಲ ಎಂಬುದೇ ಅವನ ವಾದ. ಡೆಸ್ಡಿಮೋನ ಬಂದು ತಾನೇ ಮನಸಾರೆ ಒಪ್ಪಿ ಆದ ಮದುವೆ ಇದು ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾಳೆ. ಅಧಿಪತಿ ಮದುವೆಯನ್ನು ಮನ್ನಿಸುತ್ತಾನೆ. ಆ ರಾತ್ರಿ ತುರ್ಕರ ಸುದ್ದಿ ಬರದಿದ್ದರೆ ತೀರ್ಪು ಏನಾಗುತ್ತಿತ್ತೋ, ನೀವೇ ಊಹಿಸಿ. ಹೊರಡುವಾಗ ಬ್ರಬಾನ್ಶಿಯೊ ಅಳಿಯನಿಗೆ ಒಂದು ಮಾತು ಎಸೆದು ಹೋಗುತ್ತಾನೆ: ಅಪ್ಪನಿಗೇ ಮೋಸ ಮಾಡಿದವಳು, ನಿನಗೆ ಮಾಡಲಾರಳೇ? ಪಕ್ಕದಲ್ಲಿ ನಿಂತಿದ್ದ ಇಯಾಗೊ ಅದನ್ನು ಕೇಳಿಸಿಕೊಂಡಿದ್ದಾನೆ.

ಇಯಾಗೊವಿಗೆ ಒಥೆಲೊವಿನ ಮೇಲೆ ಯಾಕೆ ದ್ವೇಷ? ತನಗೆ ಬರಬೇಕಾದ ಉಪದಳಪತಿಯ ಹುದ್ದೆ ಕ್ಯಾಸಿಯೊ ಎಂಬ ಯುವಕನಿಗೆ ಹೋಯಿತು ಎಂಬುದೊಂದು. ತನ್ನ ಹೆಂಡತಿ ಎಮಿಲಿಯಳ ಮೇಲೆ ಒಥೆಲೊ ಕಣ್ಣು ಹಾಕಿದ್ದಾನೆಂಬ ಗುಮಾನಿ ಇನ್ನೊಂದು. ಅದಕ್ಕೆ ಆಧಾರ ಏನೂ ಇಲ್ಲ. ಹೊಟ್ಟೆಕಿಚ್ಚಿನ ನಾಟಕದಲ್ಲಿ ಮೊದಲು ಉರಿಯುವ ಹೊಟ್ಟೆ ಒಥೆಲೊವಿನದಲ್ಲ, ಇಯಾಗೊವಿನದು. ತನ್ನೊಳಗಿನ ಬೆಂಕಿಯನ್ನೇ ಅವನು ಇನ್ನೊಬ್ಬನ ಮನೆಗೆ ಸಾಗಿಸುತ್ತಾನೆ.

ಎಲ್ಲರೂ ಸೈಪ್ರಸ್ಸಿಗೆ ಬರುತ್ತಾರೆ. ತುರ್ಕರ ಹಡಗುಗಳನ್ನು ಬಿರುಗಾಳಿಯೇ ಮುಳುಗಿಸಿಬಿಡುತ್ತದೆ. ಯುದ್ಧಕ್ಕೆಂದು ಬಂದವನಿಗೆ ಯುದ್ಧವೇ ಇಲ್ಲ. ಇಯಾಗೊ ಕ್ಯಾಸಿಯೊವಿಗೆ ಕುಡಿಸಿ, ಜಗಳವಾಡಿಸಿ, ಅವನ ಹುದ್ದೆ ಹೋಗುವಂತೆ ಮಾಡುತ್ತಾನೆ. ಆಮೇಲೆ, ಅಮ್ಮನವರ ಬಳಿ ಹೋಗಿ ಶಿಫಾರಸು ಕೇಳು ಎಂದು ಅವನೇ ಬುದ್ಧಿ ಹೇಳುತ್ತಾನೆ. ಡೆಸ್ಡಿಮೋನ ಒಳ್ಳೆಯ ಮನಸ್ಸಿನಿಂದ ಕ್ಯಾಸಿಯೊ ಪರವಾಗಿ ಮಾತನಾಡಿದಷ್ಟೂ ಗಂಡನ ಸಂಶಯ ಬೆಳೆಯಬೇಕು, ಅದು ಲೆಕ್ಕಾಚಾರ.

ಈಗ ಮೂರನೆಯ ಅಂಕದ ಮೂರನೆಯ ದೃಶ್ಯ. ಇಡೀ ನಾಟಕದ ಕೀಲು ಇಲ್ಲಿದೆ. ದೃಶ್ಯದ ಆರಂಭದಲ್ಲಿ ಒಥೆಲೊ ಹೆಂಡತಿಯನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವನು. ಮುಗಿಯುವ ಹೊತ್ತಿಗೆ ಮೊಣಕಾಲೂರಿ ಸೇಡಿನ ಪ್ರತಿಜ್ಞೆ ಮಾಡುತ್ತಾನೆ. ಒಂದೇ ದೃಶ್ಯದಲ್ಲಿ ಇದು ಹೇಗಾಯಿತು? ಇಯಾಗೊ ಮೊದಲು ಚಾಡಿ ಹೇಳುವುದೇ ಇಲ್ಲ. ಅರ್ಧ ಮಾತನಾಡಿ ನಿಲ್ಲಿಸುತ್ತಾನೆ. ಕೇಳಿದ ಪ್ರಶ್ನೆಯನ್ನೇ ತಿರುಗಿ ಹೇಳುತ್ತಾನೆ. ಅಯ್ಯೋ ಬೇಡ ಬಿಡಿ ಎನ್ನುತ್ತಾನೆ. ಹೊಟ್ಟೆಕಿಚ್ಚು ಒಳ್ಳೆಯದಲ್ಲ ಸ್ವಾಮಿ ಎಂದು ಉಪದೇಶವನ್ನೂ ಮಾಡುತ್ತಾನೆ. ಮಿಕ್ಕದ್ದನ್ನು ಕೇಳುವವನೇ ತುಂಬಿಕೊಳ್ಳುತ್ತಾನೆ.

ಆಮೇಲೆ ಅವನು ಎರಡು ಬಾಣ ಬಿಡುತ್ತಾನೆ. ಮೊದಲನೆಯದು ಬ್ರಬಾನ್ಶಿಯೊವಿನ ಮಾತೇ: ಅಪ್ಪನನ್ನು ವಂಚಿಸಿದವಳಲ್ಲವೇ? ಎರಡನೆಯದು ಇನ್ನೂ ಕ್ರೂರ. ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ವರಗಳನ್ನು ಬಿಟ್ಟವಳ ಮನಸ್ಸು ಸಹಜವಾದದ್ದೇ? ನಾಳೆ ತನ್ನವರ ಕಡೆಗೆ ತಿರುಗಲಾರದೇ? ಒಥೆಲೊ ಒಬ್ಬನೇ ಉಳಿದಾಗ ಆಡುವ ಮಾತು ಕೇಳಿದರೆ ಕರುಳು ಹಿಂಡುತ್ತದೆ: ಬಹುಶಃ ನಾನು ಕಪ್ಪಗಿರುವುದರಿಂದ ಇರಬಹುದು, ನಯವಾಗಿ ಮಾತನಾಡಲು ಬಾರದ್ದರಿಂದ ಇರಬಹುದು, ವಯಸ್ಸು ಇಳಿಯುತ್ತಿರುವುದರಿಂದ ಇರಬಹುದು ಎಂಬ ಅರ್ಥದ ಮಾತು. ಸೆನೆಟ್ಟಿನಲ್ಲಿ ತಲೆಯೆತ್ತಿ ನಿಂತು ಎಲ್ಲರೂ ಮೆಚ್ಚುವಂತೆ ಮಾತನಾಡಿದವನು ತನಗೆ ಮಾತು ಬಾರದು ಎನ್ನುತ್ತಿದ್ದಾನೆ! ಕಿಟಕಿಯ ಕೆಳಗೆ ಕೂಗಿದ್ದನ್ನು ಈಗ ಅವನು ತನ್ನೊಳಗೇ ಕೇಳಿಸಿಕೊಳ್ಳುತ್ತಿದ್ದಾನೆ. ಪರರ ತಾತ್ಸಾರ ಹೊರಗಿದ್ದಷ್ಟು ದಿನ ಎದುರಿಸಬಹುದು. ಅದನ್ನು ನಂಬಿದ ಮೇಲೆ, ತನ್ನನ್ನು ಯಾರಾದರೂ ನಿಜವಾಗಿ ಪ್ರೀತಿಸಿಯಾರು ಎಂಬುದನ್ನು ನಂಬುವುದೇ ಕಷ್ಟ. ಈ ನಾಟಕವನ್ನು ಬರಿಯ ಸಂಶಯಗಾರ ಗಂಡನ ಕಥೆ ಎನ್ನುವವರು ಈ ದೃಶ್ಯವನ್ನು ಸರಿಯಾಗಿ ಓದಿಲ್ಲ ಎಂದೇ ನನ್ನ ಅಭಿಪ್ರಾಯ.

ಕರವಸ್ತ್ರದ ವಿಷಯಕ್ಕೆ ಬರೋಣ. ಒಥೆಲೊ ಹೆಂಡತಿಗೆ ಕೊಟ್ಟ ಮೊದಲ ಕಾಣಿಕೆ ಅದು, ಅವನ ತಾಯಿಯದು. ತಲೆನೋವು ಎಂದವನ ಹಣೆಗೆ ಡೆಸ್ಡಿಮೋನ ಅದನ್ನು ಕಟ್ಟಲು ಹೋಗುತ್ತಾಳೆ. ಅವನೇ ಸರಿಸುತ್ತಾನೆ, ಅದು ಬೀಳುತ್ತದೆ. ಎಮಿಲಿಯ ಎತ್ತಿಕೊಂಡು, ಬಹಳ ದಿನದಿಂದ ಕೇಳುತ್ತಿದ್ದ ಗಂಡನಿಗೆ ಕೊಡುತ್ತಾಳೆ. ಇಯಾಗೊ ಕ್ಯಾಸಿಯೊವಿನ ಕೋಣೆಯಲ್ಲಿ ಬಿಸಾಡುತ್ತಾನೆ. ಅಷ್ಟೇ ಸಾಕ್ಷಿ. ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ 1693ರಲ್ಲಿ, ಒಂದು ಕರವಸ್ತ್ರಕ್ಕೆ ಇಷ್ಟು ರಂಪವೇ ಎಂದು ಗೇಲಿ ಮಾಡಿದ. ತಂದೆತಾಯಿ ಒಪ್ಪದೆ ಕರಿಯರ ಜೊತೆ ಓಡಿಹೋಗಬಾರದೆಂಬ ನೀತಿ ಹುಡುಗಿಯರಿಗೆ ಸಿಕ್ಕಿತಲ್ಲ ಎಂದೂ ಕುಹಕವಾಡಿದ. ಷೇಕ್ಸ್‌ಪಿಯರ್ ಈ ಕಥೆ ತೆಗೆದುಕೊಂಡದ್ದು 1565ರಲ್ಲಿ ಅಚ್ಚಾದ ಚಿಂತಿಯೊ ಎಂಬ ಇಟಾಲಿಯನ್ ಲೇಖಕನ ಕಥಾಸಂಗ್ರಹದಿಂದ. ಅಲ್ಲಿ ನಾಯಕಿಯೇ, ನನ್ನನ್ನು ನೋಡಿ ಇಟಲಿಯ ಹೆಣ್ಣುಮಕ್ಕಳು ಪಾಠ ಕಲಿತಾರು ಎಂದು ಹಲುಬುತ್ತಾಳೆ. ಷೇಕ್ಸ್‌ಪಿಯರ್ ಆ ಮಾತನ್ನು ತೆಗೆದುಹಾಕಿದ. ಅವನ ಡೆಸ್ಡಿಮೋನ ತಾನು ಮಾಡಿಕೊಂಡ ಮದುವೆಗಾಗಿ ಒಮ್ಮೆಯೂ ಪಶ್ಚಾತ್ತಾಪಪಡುವುದಿಲ್ಲ.

ಹಾಗೆಂದು ಒಥೆಲೊವನ್ನು ಕ್ಷಮಿಸಬೇಕಾಗಿಲ್ಲ. ಅವನು ಹೆಂಡತಿಯನ್ನು ಬಂಧುಗಳೆದುರು ಹೊಡೆಯುತ್ತಾನೆ. ಎಮಿಲಿಯಳನ್ನು ವಿಚಾರಿಸುತ್ತಾನೆ, ಅವಳು ಆಣೆಯಿಟ್ಟು, ಅಮ್ಮನವರು ನಿರ್ದೋಷಿ ಎಂದರೂ ಒಪ್ಪುವುದಿಲ್ಲ. ಕ್ಯಾಸಿಯೊವನ್ನು ಮುಖಾಮುಖಿ ಕೇಳುವುದೇ ಇಲ್ಲ. ಕೊನೆಗೆ ಮಲಗಿದವಳನ್ನು ಎಬ್ಬಿಸಿ, ಅವಳು ಬೇಡಿಕೊಳ್ಳುತ್ತಿದ್ದರೂ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ನಿನ್ನನ್ನು ಕೊಂದವರಾರು ಎಂದು ಎಮಿಲಿಯ ಕೇಳಿದಾಗ, ಯಾರೂ ಅಲ್ಲ, ನಾನೇ ಎಂದು ಹೇಳಿ ಡೆಸ್ಡಿಮೋನ ಪ್ರಾಣ ಬಿಡುತ್ತಾಳೆ.

ನನಗೆ ಈ ನಾಟಕದಲ್ಲಿ ಎಲ್ಲರಿಗಿಂತ ದೊಡ್ಡವಳಾಗಿ ಕಾಣುವುದು ಎಮಿಲಿಯ. ಕರವಸ್ತ್ರ ಕೊಟ್ಟ ತಪ್ಪು ಅವಳದು, ಕೇಳಿದಾಗ ಬಾಯಿಬಿಡದ ತಪ್ಪೂ ಅವಳದೇ. ಅವಳ ಬಾಯಲ್ಲೂ ಕೊನೆಯಲ್ಲಿ ಒಥೆಲೊವಿನ ಬಣ್ಣದ ಹೀನಾಯ ಬರುತ್ತದೆ. ಆದರೆ ಸುಮ್ಮನಿರು, ಮನೆಗೆ ಹೋಗು ಎಂದು ಗಂಡ ಗದರಿಸಿದಾಗ ಅವಳು ಹೋಗುವುದಿಲ್ಲ. ಕತ್ತಿ ಹಿರಿದರೂ ನಿಲ್ಲಿಸುವುದಿಲ್ಲ. ಸತ್ಯವನ್ನೆಲ್ಲ ಹೇಳಿ, ಗಂಡನ ಇರಿತಕ್ಕೆ ಸಿಕ್ಕಿ, ಒಡತಿಯ ಪಕ್ಕದಲ್ಲಿ ಸಾಯುತ್ತಾಳೆ.

ಬಹಳ ಕಾಲ ಬಿಳಿಯ ನಟರೇ ಮಸಿ ಬಳಿದುಕೊಂಡು ಒಥೆಲೊ ಆಗುತ್ತಿದ್ದರು. ಅಮೆರಿಕದಲ್ಲಿ ಹುಟ್ಟಿದ ಕಪ್ಪು ನಟ ಐರಾ ಆಲ್ಡ್ರಿಜ್ 1833ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಈ ಪಾತ್ರ ಮಾಡಿದಾಗ ಪತ್ರಿಕೆಗಳು ಅವನ ಮೇಲೆ ಮುಗಿಬಿದ್ದವು. 1848ರಲ್ಲಿ ಕಲ್ಕತ್ತೆಯ ಇಂಗ್ಲಿಷರ ರಂಗದಲ್ಲಿ ಬೈಷ್ಣವ ಚರಣ ಆಢ್ಯ ಎಂಬ ಬಂಗಾಳಿ ಯುವಕ ಒಥೆಲೊ ಆದ. 1943ರಲ್ಲಿ ಪಾಲ್ ರೋಬ್ಸನ್ ನ್ಯೂಯಾರ್ಕಿನಲ್ಲಿ ಆಡಿದ ಪ್ರಯೋಗ 296 ಪ್ರದರ್ಶನ ಕಂಡಿತು.

ಕೊನೆಯಲ್ಲಿ ಒಥೆಲೊ ಹಳೆಯದೊಂದು ಘಟನೆ ಹೇಳುತ್ತಾನೆ. ಅಲೆಪ್ಪೊ ಪಟ್ಟಣದಲ್ಲಿ ವೆನಿಸ್ಸಿನವನೊಬ್ಬನನ್ನು ಹೊಡೆದು ರಾಜ್ಯವನ್ನು ನಿಂದಿಸಿದ ತುರ್ಕನನ್ನು ತಾನು ಹೀಗೆ ಇರಿದೆ ಎನ್ನುತ್ತಲೇ ತನ್ನ ಎದೆಗೇ ಇರಿದುಕೊಳ್ಳುತ್ತಾನೆ. ಕೊಲ್ಲುವ ವೆನಿಸ್ಸಿನ ಸೇವಕನೂ ಅವನೇ, ಸಾಯುವ ಪರಕೀಯನೂ ಅವನೇ. ಇಷ್ಟೆಲ್ಲ ಯಾಕೆ ಮಾಡಿದೆ ಎಂದು ಇಯಾಗೊವನ್ನು ಕೇಳಿದರೆ, ಇನ್ನು ಮೇಲೆ ಒಂದು ಮಾತೂ ಆಡಲಾರೆ ಎನ್ನುತ್ತಾನೆ. ನಾಟಕದುದ್ದಕ್ಕೂ ಎಲ್ಲರಿಗಿಂತ ಹೆಚ್ಚು ಮಾತನಾಡಿದವನು ಅವನು. ಬಾಯಿ ಮುಚ್ಚಿದ ಅವನನ್ನು ಹಿಂಸೆಯ ಶಿಕ್ಷೆಗೆ ಒಪ್ಪಿಸಿ, ಹಾಸಿಗೆಯ ಮೇಲಿನ ಶವಗಳಿಗೆ ಪರದೆ ಎಳೆಯುತ್ತಾರೆ.